ಮುಂಭಾಗದ ಆರು ಕಂಬಗಳು

ಮಾರ್ಚ್ 24, ಸೋಮವಾರ

ಇವತ್ತು ಕಾಲೇಜಿನಲ್ಲಿ ‘ನಿರ್ಮಾಣ ಕ್ಷೇತ್ರ: ನಿಮ್ಮ ಮುಂದಿರುವ ಅವಕಾಶಗಳು’ ಎಂಬ ಭಾಷಣವಿತ್ತು. ಮಾತಾಡಲು ಬಂದವರು ಯಾವುದೋ ಸಂಘದ ಅಧ್ಯಕ್ಷರು. ಪರದೆಯ ಮೇಲೆ ಒಂದು ಕೆಂಪು ಗೆರೆ ಎಡಗಡೆ ಕೆಳಗಿನಿಂದ ಹೊರಟು ಬಲಗಡೆ ಮೇಲಕ್ಕೇರಿ, ಇನ್ನೇನು ಚೌಕಟ್ಟು ದಾಟಿ ಗೋಡೆಗೆ ಹತ್ತುತ್ತದೆ ಎನ್ನುವಷ್ಟರಲ್ಲಿ ನಿಂತಿತು. ಮುಂದಿನ ಹತ್ತು ವರ್ಷಗಳಲ್ಲಿ ಲಕ್ಷಗಟ್ಟಲೆ ಸಿವಿಲ್ ಎಂಜಿನಿಯರುಗಳು ಬೇಕಂತೆ. ‘ಎಲ್ಲಿ ಅಂತ ಹೇಳಿದ್ರೆ ಇವತ್ತೇ ಹೋಗ್ತೀವಿ’ ಎಂದು ಹಿಂದಿನ ಬೆಂಚಿನಿಂದ ಕನ್ನಡಕ ಗೊಣಗಿದ. ಕನ್ನಡಕ ನನ್ನ ಸಹಪಾಠಿ. ಮೊದಲ ವರ್ಷದಿಂದಲೂ ಅವನಿಗೆ ಅದೇ ಹೆಸರು; ಕಣ್ಣಿಗೆ ಹಾಕಿದ್ದನ್ನು ತೆಗೆದರೆ ನಮಗೆ ಅವನ ಗುರುತೇ ಸಿಗುವುದಿಲ್ಲ.

ನಮ್ಮ ತರಗತಿಯಲ್ಲಿ ಅರವತ್ತೆರಡು ಜನ. ಈ ವರ್ಷ ಇಲ್ಲಿಯವರೆಗೆ ಬಂದದ್ದು ಒಂದೇ ಕಂಪನಿ. ಅದೂ ಸಿಮೆಂಟ್ ಮಾರುವವರನ್ನು ಹುಡುಕಿಕೊಂಡು ಬಂದಿತ್ತು, ಕಟ್ಟುವವರನ್ನಲ್ಲ.

ಭಾಷಣ ಮುಗಿದ ಮೇಲೆ ವಿಭಾಗದ ಮುಖ್ಯಸ್ಥರು ನನ್ನನ್ನೂ ಕನ್ನಡಕನನ್ನೂ ಕರೆದರು. ಏಳು ಅಂತಸ್ತಿನ ಒಂದು ಕಟ್ಟಡ ಏಳುತ್ತಿದೆ, ಎರಡು ತಿಂಗಳು ಅಲ್ಲಿ ಟ್ರೇನಿಗಳಾಗಿ ಹೋಗಿ ಎಂದರು. ಕೊನೆಯಲ್ಲಿ ಇಬ್ಬರಲ್ಲಿ ಒಬ್ಬರಿಗೆ ಕೆಲಸದ ಪತ್ರ ಸಿಗುತ್ತದಂತೆ. ಹೊರಗೆ ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹಲ್ಲು ಕಿರಿದೆವು. ಅಲ್ಲಿಯವರೆಗೆ ನಾವು ಸ್ನೇಹಿತರಾಗಿದ್ದೆವು.

ಅಪ್ಪನಿಗೆ ಹೇಳಿದೆ. ಅಪ್ಪ ಇಪ್ಪತ್ತಾರು ವರ್ಷ ಬೇರೆಯವರ ಮನೆಗಳಲ್ಲಿ ಮಂಡಿಯೂರಿ ಟೈಲ್ಸ್ ಹಾಕಿದವನು. ಈಗ ಮಂಡಿಗಳು ಕೈಕೊಟ್ಟಿವೆ. ಕುರ್ಚಿಯಿಂದ ಏಳಬೇಕಾದರೆ ಮೊದಲು ಮೇಜನ್ನು ಹಿಡಿಯುತ್ತಾನೆ. ನಾನು ಎಂಜಿನಿಯರಿಂಗ್ ಸೇರಿದ ದಿನ ಅವನು ಕೊಟ್ಟದ್ದು ಒಂದೇ ಬುದ್ಧಿಮಾತು, ನಿಂತುಕೊಂಡು ಮಾಡುವ ಕೆಲಸ ಹಿಡಿ ಅಂತ. ಇವತ್ತು ಹೋಗಿ ನನ್ನ ಹಳೆಯ ಶೂಗಳಿಗೆ ಪಾಲಿಶ್ ಹಾಕುತ್ತ ಕುಳಿತ.

ಮಾರ್ಚ್ 31, ಸೋಮವಾರ

ಮೊದಲ ದಿನ. ಎಂಜಿನಿಯರುಗಳಿಗೆ ಬಿಳಿ ಹೆಲ್ಮೆಟ್, ಕೆಲಸಗಾರರಿಗೆ ಹಳದಿ, ಟ್ರೇನಿಗಳಿಗೆ ಹಸಿರು. ನನ್ನದು ಹಣೆಯಿಂದ ಜಾರಿ ಮೂಗಿನ ಮೇಲೆ ಬಂದು ಕೂರುತ್ತದೆ. ಹೆಂಗಸರಿಗೆ ಶೌಚಾಲಯವಿಲ್ಲ. ಎದುರಿನ ಬ್ಯಾಂಕಿನಲ್ಲಿ ಕೇಳಿಕೊಂಡು ಹೋಗಬೇಕು, ಇಲ್ಲವೇ ಸಂಜೆಯವರೆಗೆ ನೀರು ಕುಡಿಯಬಾರದು. ನಾನು ಎರಡನೆಯದನ್ನು ಆರಿಸಿಕೊಂಡೆ.

ಸೈಟ್ ಎಂಜಿನಿಯರಿಗೆ ನಾವು ಮಧ್ಯಾಹ್ನದೊಳಗೆ ‘ಲೆವೆಲ್ ಸರ್’ ಎಂದು ಹೆಸರಿಟ್ಟಾಯಿತು. ಮಟ್ಟ ನೋಡುವ ಗೇಣುದ್ದದ ಗಾಜಿನ ಪಟ್ಟಿ ಸದಾ ಅವರ ಜೇಬಿನಲ್ಲಿರುತ್ತದೆ. ಎಲ್ಲಿ ಕೂತರೂ ಅದನ್ನು ಮೇಜಿನ ಮೇಲಿಟ್ಟು ಒಳಗಿನ ಗುಳ್ಳೆ ನಡುವೆ ಬರುತ್ತದಾ ಎಂದು ನೋಡುತ್ತಾರೆ. ಚಹಾ ಕುಡಿಯುವ ಮೇಜು ಓರೆಯಿದ್ದರೂ ಅವರಿಗೆ ಚಹಾ ಇಳಿಯುವುದಿಲ್ಲ. ಕಾಲೇಜಿನಲ್ಲಿ ಕಲಿತದ್ದನ್ನು ಮರೆಯಬೇಡಿ, ಆದರೆ ಇಲ್ಲಿ ಹೇಳಲೂ ಬೇಡಿ ಎಂದರು. ಸೈಟ್ ಅಂದಮೇಲೆ ಹೊಂದಿಕೊಂಡು ಹೋಗಬೇಕು ಎಂದರು. ಕೆಟ್ಟ ಮನುಷ್ಯನಲ್ಲ. ಕಣ್ಣು ಮಾತ್ರ ನಿದ್ದೆ ಕಾಣದವರ ಹಾಗಿದೆ.

ಏಪ್ರಿಲ್ 5, ಶನಿವಾರ

ಮುಂಭಾಗದ ಆರು ಕಂಬಗಳಿಗೆ ಇವತ್ತು ಕಾಂಕ್ರೀಟ್ ಹಾಕಿದೆವು. ‘ಹಾಕಿದೆವು’ ಎಂದು ಬರೆಯಲು ಖುಷಿ. ನಾನು ಹಾಕಿದ್ದೇನೂ ಇಲ್ಲ, ಪಕ್ಕದಲ್ಲಿ ನಿಂತು ಬೆವರಿದೆ ಅಷ್ಟೆ.

ಕಾಂಕ್ರೀಟ್ ಲಾರಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಒಂದೂವರೆ ಗಂಟೆ ತಡವಾಗಿ ಬಂತು. ಅಷ್ಟರಲ್ಲಿ ಒಳಗಿನದು ಗಟ್ಟಿಯಾಗತೊಡಗಿತ್ತು. ಚಾಲಕ ಇಳಿದವನೇ ಪೈಪು ಎಳೆದು ಡ್ರಮ್ಮಿನೊಳಗೆ ನೀರು ಬಿಟ್ಟ. ನೀರು ಹೆಚ್ಚಾದಷ್ಟೂ ಕಾಂಕ್ರೀಟ್ ಬಲಹೀನ, ಇದು ಎರಡನೇ ವರ್ಷದ ಪಾಠ. ಓಡಿಹೋಗಿ ಹಾಕಬಾರದು ಎಂದೆ. ಗಟ್ಟಿಯಾದರೆ ಡ್ರಮ್ಮಿನೊಳಗೆ ಇಳಿದು ಕೆರೆಯಲು ನೀವು ಬರುತ್ತೀರಾ ಮೇಡಂ ಎಂದು ಕೇಳಿದ. ಎಲ್ಲರೂ ನಕ್ಕರು. ಲೆವೆಲ್ ಸರ್ ಆ ಕಡೆ ತಿರುಗಿ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಮನಸ್ಸಿನಲ್ಲಿ ನಲವತ್ತರವರೆಗೆ ಎಣಿಸಿದೆ. ನೀರು ಇನ್ನೂ ಹೋಗುತ್ತಲೇ ಇತ್ತು, ಎಣಿಸುವುದನ್ನು ಬಿಟ್ಟೆ.

ಕ್ಯೂಬ್ ತುಂಬುವ ಕೆಲಸ ನನ್ನದು. ಮೌಖಿಕ ಪರೀಕ್ಷೆಯಲ್ಲಿ ಕೇಳಬಹುದು, ಬರೆದಿಟ್ಟುಕೊಳ್ಳುತ್ತೇನೆ: ಕಂಬಕ್ಕೆ ಹಾಕುವ ಕಾಂಕ್ರೀಟಿನಿಂದಲೇ ಸ್ವಲ್ಪ ತೆಗೆದು, ಗೇಣಗಲದ ಕಬ್ಬಿಣದ ಅಚ್ಚುಗಳಲ್ಲಿ ಆರು ಕ್ಯೂಬ್ ಮಾಡಬೇಕು. ಮರುದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಏಳನೇ ದಿನ ಮೂರನ್ನು, ಇಪ್ಪತ್ತೆಂಟನೇ ದಿನ ಉಳಿದ ಮೂರನ್ನು ಲ್ಯಾಬಿನ ಯಂತ್ರದಲ್ಲಿ ಒಡೆದು, ಎಷ್ಟು ಭಾರ ತಡೆದವು ಎಂದು ನೋಡಬೇಕು. ಬಲದ ಅಂಕಿ ಏಳನೇ ದಿನಕ್ಕೆ ಹದಿನೇಳಾದರೂ ಬಂದರೆ, ಇಪ್ಪತ್ತೆಂಟಕ್ಕೆ ಬೇಕಾದ ಇಪ್ಪತ್ತೈದು ಮುಟ್ಟುತ್ತದೆ. ಕಂಬವನ್ನು ಒಡೆದು ನೋಡಲಾಗುವುದಿಲ್ಲವಲ್ಲ, ಅದರ ಪರವಾಗಿ ಸಾಕ್ಷಿ ಹೇಳುವುದು ಈ ಆರೇ.

ರಿಜಿಸ್ಟರಿನಲ್ಲಿ ‘ಅಚ್ಚು ಬಿಚ್ಚಿದ ದಿನ’, ‘ನೀರಿಗೆ ಹಾಕಿದ ದಿನ’, ‘ಸಹಿ’ ಎಂಬ ಖಾನೆಗಳಿವೆ. ನಾಳೆ ಭಾನುವಾರ, ಈಗಲೇ ತುಂಬಿಬಿಡು ಎಂದರು ಲೆವೆಲ್ ಸರ್. ಹಿಂದಿನ ಪುಟಗಳನ್ನು ನೋಡಿದರೆ ಪ್ರತಿ ಪುಟವೂ ಒಂದೇ ಶಾಯಿಯಲ್ಲಿ, ಒಂದೇ ಉಸಿರಿನಲ್ಲಿ ತುಂಬಿದ ಹಾಗಿದೆ. ನಾನೂ ಎರಡೂ ಕಡೆ ‘ಏಪ್ರಿಲ್ 6’ ಎಂದು ಬರೆದು ಸಹಿ ಹಾಕಿದೆ. ಹೇಗೂ ನಾಳೆ ಬಂದು ಮಾಡುವವಳು ನಾನೇ ತಾನೆ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಏಳಕ್ಕೆ ಹೋಗಿ ಅಚ್ಚು ಬಿಚ್ಚಿದೆ. ತೊಟ್ಟಿ ಖಾಲಿ, ನೀರಿನ ಲಾರಿ ಬಂದಿರಲಿಲ್ಲ. ಆರನ್ನೂ ಶೆಡ್ಡಿನ ಪಕ್ಕದಲ್ಲಿಟ್ಟು, ನೀರು ಬಂದ ಕೂಡಲೇ ಮುಳುಗಿಸಿ ಎಂದು ಕಾವಲುಗಾರನಿಗೆ ಹೇಳಿ ಕಾಲೇಜಿಗೆ ಓಡಿದೆ. ಒಂಬತ್ತಕ್ಕೆ ಬೇರೊಂದು ಕಂಪನಿಯ ಲಿಖಿತ ಪರೀಕ್ಷೆ. ಎರಡು ರೈಲುಗಳು ಎದುರುಬದುರು ಹೊರಟರೆ ಯಾವಾಗ ಸೇರುತ್ತವೆ ಎಂಬಂಥ ಐವತ್ತು ಪ್ರಶ್ನೆಗಳು. ಕಟ್ಟಡದ ಬಗ್ಗೆ ಒಂದೂ ಇಲ್ಲ. ನನ್ನ ರೈಲುಗಳು ಸೇರಲೇ ಇಲ್ಲ.

ಏಪ್ರಿಲ್ 9, ಬುಧವಾರ

ಸೋಮವಾರ, ಮಂಗಳವಾರ ಎರಡೂ ದಿನ ನನ್ನನ್ನು ನೆಲಮಾಳಿಗೆಯಲ್ಲಿ ಕಬ್ಬಿಣ ಎಣಿಸಲು ಹಾಕಿದ್ದರು. ಕ್ಯೂಬುಗಳು ನೀರಿನಲ್ಲಿವೆ ಎಂದೇ ನಂಬಿದ್ದೆ. ಇವತ್ತು ಶೆಡ್ಡಿನ ಹತ್ತಿರ ಹೋದರೆ, ಇಟ್ಟಲ್ಲೇ ಇವೆ. ಮೂರು ದಿನ ಬಿಸಿಲಿಗೆ ಒಣಗಿ ಬೆಳ್ಳಗಾಗಿವೆ, ಮುಟ್ಟಿದರೆ ಅಂಗೈ ಬಿಸಿಯಾಗುತ್ತದೆ. ಎರಡರ ಮೇಲೆ ಯಾರೋ ನೀರಿನ ಕ್ಯಾನ್ ಬೇರೆ ಇಟ್ಟಿದ್ದರು. ನೀರಿನ ಕ್ಯಾನು! ಕಾವಲುಗಾರ ಭಾನುವಾರವೇ ರಜೆ ಹಾಕಿ ಹೋಗಿದ್ದನಂತೆ. ಅವನ ಬದಲಿಗೆ ಬಂದವನಿಗೆ ಹೇಳಿದವರು ಯಾರೂ ಇಲ್ಲ.

ಯಾರಿಗೂ ಕಾಣದ ಹಾಗೆ ಆರನ್ನೂ ಒಂದೊಂದಾಗಿ ಹೊತ್ತು ತೊಟ್ಟಿಗೆ ಇಳಿಸಿದೆ. ಗುಳುಗುಳು ಎಂದು ನೀರು ಕುಡಿದವು. ಹೊಸ ಕಾಂಕ್ರೀಟ್ ಒಣಗಿಬಿಟ್ಟರೆ ಬಲ ಬೆಳೆಯುವುದಿಲ್ಲ, ಇದೂ ಎರಡನೇ ವರ್ಷದ ಪಾಠ. ಲೆವೆಲ್ ಸರ್‌ಗೆ ಹೇಳೋಣವೆಂದು ಎರಡು ಸಲ ಹೋದೆ. ಒಮ್ಮೆ ಅವರು ಯಾರನ್ನೋ ಬೈಯುತ್ತಿದ್ದರು, ಇನ್ನೊಮ್ಮೆ ಊಟ ಮಾಡುತ್ತಿದ್ದರು. ಊಟ ಮಾಡುವವರಿಗೆ ಹೇಗೆ ಹೇಳುವುದು.

ಏಪ್ರಿಲ್ 12, ಶನಿವಾರ

ಲ್ಯಾಬು ಊರಾಚೆ, ಒಂದು ಗ್ಯಾರೇಜಿನ ಹಿಂದಿದೆ. ಯಂತ್ರ ನಡೆಸುವವರು ಅರವತ್ತರ ಆಸುಪಾಸಿನ ಮನುಷ್ಯ. ಕ್ಯೂಬನ್ನು ಎರಡೂ ಕೈಯಲ್ಲಿ ಎತ್ತಿ, ತೂಗಿ, ತಿರುಗಿಸಿ ನೋಡಿ ಯಂತ್ರದಲ್ಲಿಡುತ್ತಾರೆ. ಮುಳ್ಳು ಏರುತ್ತ ಹೋಗಿ ಸದ್ದಿಲ್ಲದೆ ನಿಂತಿತು. ಹನ್ನೊಂದು. ಎರಡನೆಯದು ಹನ್ನೆರಡು. ಮೂರನೆಯದು ಹನ್ನೊಂದೂವರೆ.

ನೀರಿನಲ್ಲಿ ಇಟ್ಟಿದ್ದಿರಾ ಎಂದು ಕೇಳಿದರು. ಇಟ್ಟಿದ್ದೆವು ಎಂದೆ. ಮೂರು ದಿನದ ಮಟ್ಟಿಗೆ ನಿಜ, ಮೂರು ದಿನದ ಮಟ್ಟಿಗೆ ಸುಳ್ಳು.

ಬಸ್ಸಿನಲ್ಲಿ ಬರುವಾಗ ತಲೆಯೆಲ್ಲ ಇದೇ. ಒಣಗಿಸಿದ್ದರಿಂದ ಬಲ ಬಿದ್ದುಹೋಯಿತು, ಸರಿ. ಆದರೆ ಇಷ್ಟೊಂದು ಬೀಳುತ್ತದೆಯೇ? ಪುಸ್ತಕ ತೆಗೆದು ನೋಡಿದೆ. ಎರಡು ಬಿದ್ದೀತು, ಹೆಚ್ಚೆಂದರೆ ಮೂರು. ಐದೂವರೆ ಎಲ್ಲಿ ಹೋಯಿತು? ಆ ಪೈಪಿನ ನೀರಿಗೆ ಹೋಯಿತೆ? ಕಂಬಗಳೇ ಹಾಗಿವೆಯೆ, ಅಥವಾ ನನ್ನ ಕ್ಯೂಬುಗಳು ಮಾತ್ರವೆ? ಯಾರನ್ನು ಕೇಳಲಿ? ಇದಕ್ಕೆ ಉತ್ತರ ಹೇಳಬೇಕಾಗಿದ್ದ ಆರನ್ನೂ ಕೆಡಿಸಿದವಳು ನಾನೇ.

ಏಪ್ರಿಲ್ 14, ಸೋಮವಾರ

ಹೇಳಿದೆ. ಎಲ್ಲವನ್ನೂ ಹೇಳಿದೆ: ಖಾಲಿ ತೊಟ್ಟಿ, ಬಿಸಿಲು, ನೀರಿನ ಕ್ಯಾನು, ಹನ್ನೊಂದು.

ಲೆವೆಲ್ ಸರ್ ಕೂಗಾಡುತ್ತಾರೆ ಎಂದು ಕಾದಿದ್ದೆ. ಅವರು ಪಟ್ಟಿಯನ್ನು ಮೇಜಿನ ಮೇಲಿಟ್ಟು ಗುಳ್ಳೆ ನಿಲ್ಲುವವರೆಗೆ ನೋಡಿದರು.

“ಸತ್ತಿರೋದು ನಿನ್ನ ಕ್ಯೂಬು. ನನ್ನ ಕಂಬ ಅಲ್ಲ,” ಎಂದರು.

ಲಾರಿಯಲ್ಲಿ ನೀರು ಹಾಕಿದರಲ್ಲ ಸರ್ ಎಂದೆ. ಎಲ್ಲ ಕಡೆ ಹಾಕುತ್ತಾರೆ, ಕಟ್ಟಡಗಳೆಲ್ಲ ನಿಂತೇ ಇವೆ ಎಂದರು.

“ಹಾಗಾದರೆ ಈ ಕಂಬಗಳು ಸರಿಯಾಗಿವೆ ಅಂತ ಗೊತ್ತಾಗೋದು ಹೇಗೆ ಸರ್?”

“ಗೊತ್ತಾಗಲಿ ಅಂತಾನೇ ನಿನ್ನ ಕೈಗೆ ಆರು ಕ್ಯೂಬ್ ಕೊಟ್ಟಿದ್ದು.”

ಏಳು ದಿನದ್ದು ನಮ್ಮ ತಿಳಿವಳಿಕೆಗೆ ಮಾತ್ರ, ಮಾಲೀಕರ ಕಡೆಯವರು ನೋಡುವುದು ಇಪ್ಪತ್ತೆಂಟನೇ ದಿನದ್ದನ್ನು ಎಂದು ಅವರೇ ಸಮಾಧಾನ ಹೇಳಿದರು. ಸದ್ಯಕ್ಕೆ ರಿಜಿಸ್ಟರಿನಲ್ಲಿ ಹದಿನೇಳು ಎಂದು ಬರೆ, ಪೆನ್ಸಿಲಿನಲ್ಲಿ ಬರೆ ಎಂದರು. ಬರೆದೆ. ಪೆನ್ಸಿಲ್ ತಾನೆ, ಅಳಿಸಬಹುದು.

ಏಪ್ರಿಲ್ 15, ಮಂಗಳವಾರ

ಇವತ್ತು ಆ ಕಂಬಗಳ ಹಲಗೆಯ ಅಚ್ಚು ಬಿಚ್ಚಿದರು. ನೋಡಲು ಎಷ್ಟು ಚೆನ್ನಾಗಿವೆ. ನುಣುಪು, ನೇರ. ಅಲ್ಲಿಂದ ಹೋಗುವಾಗ ತಲೆ ತಗ್ಗಿಸಿಕೊಂಡು ಹೋದೆ.

ಏಪ್ರಿಲ್ 19, ಶನಿವಾರ

ಒಂದು ದಾರಿ ಇದೆ. ಸ್ಪ್ರಿಂಗ್ ಇರುವ ಸುತ್ತಿಗೆಯಂಥ ಒಂದು ಉಪಕರಣವಿದೆ. ಕಂಬಕ್ಕೆ ಒತ್ತಿ ಹೊಡೆದರೆ ಅದು ಎಷ್ಟು ಪುಟಿಯುತ್ತದೆ ಎಂಬುದರ ಮೇಲೆ ಒಳಗಿನ ಬಲವನ್ನು ಸುಮಾರಾಗಿ ಹೇಳಬಹುದು. ಅದು ಪ್ರಧಾನ ಕಚೇರಿಯಲ್ಲಿದೆ. ತರಿಸಬೇಕೆಂದರೆ ಏಕೆ ಬೇಕು ಎಂದು ಪತ್ರ ಬರೆಯಬೇಕು.

ಪತ್ರವನ್ನು ಮೂರು ಸಲ ಬರೆದೆ. ಮೂರು ಸಲವೂ ಎರಡನೇ ಸಾಲಿನಲ್ಲಿ ಪೆನ್ನು ನಿಂತಿತು. ಕ್ಯೂಬುಗಳು ಒಣಗಿದ್ದವು ಎಂದು ಬರೆದರೆ, ಏಪ್ರಿಲ್ ಆರಕ್ಕೇ ನೀರಿಗೆ ಹಾಕಿದೆ ಎಂದು ಸಹಿ ಮಾಡಿದವರು ಯಾರು ಎಂದು ಕೇಳುತ್ತಾರೆ. ಸಹಿ ನನ್ನದು, ದುಂಡಗೆ, ಕೆಳಗೊಂದು ಗೆರೆ ಎಳೆದು ಮಾಡಿದ್ದು. ಕೆಲಸದ ಪತ್ರ ಕನ್ನಡಕನಿಗೆ ಹೋಗುತ್ತದೆ, ಕಾಲೇಜಿಗೂ ಸುದ್ದಿ ಹೋಗುತ್ತದೆ. ಹೇಗೋ ಬರೆದು ಮುಗಿಸಿದ ಆ ಪತ್ರ ಈಗ ನನ್ನ ಚೀಲದಲ್ಲಿ ಊಟದ ಡಬ್ಬಿಯ ಕೆಳಗಿದೆ. ಒಂದು ಮೂಲೆಗೆ ಎಣ್ಣೆ ಹತ್ತಿದೆ. ಎಣ್ಣೆ ಹತ್ತಿದ ಪತ್ರ ಕೊಡುವುದು ಚೆನ್ನಾಗಿರುವುದಿಲ್ಲ.

ಮಧ್ಯಾಹ್ನ ನಿವೃತ್ತ ಶಿಕ್ಷಕರೊಬ್ಬರು ಬಂದಿದ್ದರು. ಮೊದಲ ಮಹಡಿಯ ಮುಂಭಾಗದ ಮನೆಯನ್ನು ಕೊಂಡವರು. ಮನೆ ಇನ್ನೂ ಗಾಳಿಯಲ್ಲಿದೆ, ಆದರೂ ನೆಲದ ಮೇಲೆ ಹೆಜ್ಜೆ ಹಾಕಿ ಅಡುಗೆಮನೆ ಎಷ್ಟು ದೊಡ್ಡದಾಗುತ್ತದೆ ಎಂದು ಅಳೆಯುತ್ತಿದ್ದರು. ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತು, ನೀವೇನಾ ಎಂಜಿನಿಯರ್ ಎಂದು ಕೇಳಿದರು. ಅಲ್ಲ ಸರ್, ಟ್ರೇನಿ ಎಂದೆ. ಈ ಹಸಿರು ಹೆಲ್ಮೆಟ್ಟಿನ ಮೇಲೆ ನನಗೆ ಮೊದಲ ಬಾರಿ ಪ್ರೀತಿ ಬಂತು.

ಏಪ್ರಿಲ್ 24, ಗುರುವಾರ

ಕಂಬಗಳ ಮೇಲೆ ಮೊದಲ ಮಹಡಿಯ ಸ್ಲ್ಯಾಬ್ ಹಾಕಿಯಾಯಿತು. ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ. ಇನ್ನು ಆ ಕಂಬಗಳನ್ನು ಮುಟ್ಟಬೇಕೆಂದರೆ ಇದನ್ನೂ ಕೆಡವಬೇಕು.

ಪತ್ರ ಚೀಲದಲ್ಲೇ ಇದೆ.

ಏಪ್ರಿಲ್ 26, ಶನಿವಾರ

ಕನ್ನಡಕ ಬಿಟ್ಟು ಹೋದ. ಅವನ ಚಿಕ್ಕಪ್ಪನ ಅಂಗಡಿಯಲ್ಲಿ ನೀರಿನ ಪಂಪು ಮಾರುತ್ತಾನಂತೆ. ನಾಲ್ಕು ವರ್ಷ ಓದಿ ಪಂಪು ಮಾರುವುದಾ ಎಂದು ಕೇಳಿದೆ. ಪಂಪು ಓಡಿದರೆ ಓಡಿತು, ಓಡದಿದ್ದರೆ ಗಿರಾಕಿ ಮರುದಿನವೇ ಬಂದು ಮುಖದ ಮೇಲೆ ಎಸೆಯುತ್ತಾನೆ, ಅಷ್ಟರಮಟ್ಟಿಗೆ ನೆಮ್ಮದಿ ಎಂದ. ಹಸಿರು ಹೆಲ್ಮೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿ, ನಿನಗೇ ಸಿಗುತ್ತದೆ ಬಿಡು ಎಂದು ಕೈಕುಲುಕಿದ.

ನನಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ.

ಏಪ್ರಿಲ್ 27, ಭಾನುವಾರ

ಅಪ್ಪನಿಗೆ ಹೇಳಿದೆ.

ಅಮ್ಮ ಹೊಲಿದ ಬಟ್ಟೆಗಳನ್ನು ಕೊಡಲು ಹೋಗಿದ್ದಳು. ಅಪ್ಪ ಬಿಸಿನೀರಿನ ಚೀಲವನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬೈಯುತ್ತಾನೆ, ನಾಳೆಯೇ ಹೋಗಿ ಆ ಪತ್ರ ಕೊಡು ಎನ್ನುತ್ತಾನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹಾಗೆ ಹೇಳಲಿ ಎಂದೇ ಹೇಳಿದ್ದು. ಟೈಲ್ಸ್ ಹಾಕಿದ ಮೇಲೆ ನಾಣ್ಯದಿಂದ ಒಂದೊಂದನ್ನೂ ತಟ್ಟಿ ನೋಡುವವನು, ಒಂದು ಟೊಳ್ಳೆನ್ನಿಸಿದರೂ ಮಾಲೀಕರು ಕೇಳುವ ಮೊದಲೇ ಕಿತ್ತು ಮತ್ತೆ ಹಾಕುವವನು. ಅದಕ್ಕೇ ಅವನಿಗೆ ದಿನಕ್ಕೆ ಒಂದೂವರೆ ಕೋಣೆಗಿಂತ ಹೆಚ್ಚು ಮಾಡಲು ಆಗುತ್ತಿರಲಿಲ್ಲ.

ಅಪ್ಪ ಬಹಳ ಹೊತ್ತು ಮಂಡಿ ಉಜ್ಜಿಕೊಂಡ.

“ಪತ್ರ ಕೊಟ್ಟರೆ ನಿನ್ನನ್ನ ತೆಗೀತಾರಾ?”

ತೆಗೆಯುತ್ತಾರೆ ಎಂದೆ.

“ಕೊಟ್ಟರೆ ಆ ಕಂಬ ಒಡೀತಾರಾ?”

ಒಡೆಯುವುದಿಲ್ಲ ಅನ್ನಿಸುತ್ತೆ ಎಂದೆ. ಇನ್ನೊಬ್ಬ ಟ್ರೇನಿಯನ್ನು ತರುತ್ತಾರೆ.

“ಟೈಲ್ಸ್ ಟೊಳ್ಳಾದರೆ ಯಾರದೋ ಕಾಲಿಗೆ ಚುಚ್ಚುತ್ತೆ, ಅಷ್ಟೇ. ಕಂಬ ಹಾಗಲ್ಲ ಅಂತ ನನಗೂ ಗೊತ್ತು.” ಬಿಸಿನೀರಿನ ಚೀಲವನ್ನು ಇನ್ನೊಂದು ಮಂಡಿಗೆ ಇಟ್ಟುಕೊಂಡ. “ಆದರೂ ಅವರು ಹೇಳಿದ ಹಾಗೆ ಬರೆದುಬಿಡಮ್ಮ. ನನ್ನ ಕೈಲಿ ಇನ್ನು ಆಗಲ್ಲ.”

ಅಪ್ಪ ಹೀಗೆ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಮ್ಮ ಬಂದಾಗ ಇಬ್ಬರೂ ಟಿವಿ ನೋಡುತ್ತಿದ್ದೆವು.

ಮೇ 2, ಶುಕ್ರವಾರ

ನಾಳೆ ಇಪ್ಪತ್ತೆಂಟನೇ ದಿನ.

ಸಂಜೆ ನಾಲ್ಕಕ್ಕೆ ಲೆವೆಲ್ ಸರ್ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಇನ್ನೊಂದು ತೊಟ್ಟಿ ಇದೆ ಎಂದು ನನಗೆ ಇವತ್ತೇ ಗೊತ್ತಾದದ್ದು. ಒಳಗೆ ಹತ್ತು ಹನ್ನೆರಡು ಕ್ಯೂಬುಗಳು, ಯಾವುದರ ಮೇಲೂ ತಾರೀಖಿಲ್ಲ, ನಂಬರಿಲ್ಲ. ಸಿಮೆಂಟ್ ಹೆಚ್ಚು ಹಾಕಿ ಪ್ರತ್ಯೇಕವಾಗಿ ಮಾಡಿಟ್ಟವಂತೆ. ಇವು ಯಾವ ಕಂಬದವು ಸರ್ ಎಂದು ಕೇಳಿದೆ.

“ಯಾವುದಕ್ಕೆ ಬೇಕೋ ಅದರವು.”

ಮೊದಲ ಕೆಲಸದಲ್ಲಿ ತಮಗೂ ಒಬ್ಬರು ಇಂಥದೇ ತೊಟ್ಟಿ ತೋರಿಸಿದ್ದರು, ಆಗ ಎರಡು ದಿನ ಊಟ ಬಿಟ್ಟಿದ್ದೆ ಎಂದರು. ಮೂರನೇ ದಿನ ಏನು ಮಾಡಿದಿರಿ ಎಂದು ಕೇಳಲಿಲ್ಲ. ಎದುರಿಗೇ ನಿಂತಿದ್ದರಲ್ಲ.

“ನಾನು ಏನೂ ಹೇಳಲ್ಲ. ನಿನ್ನ ಮೂರೂ ಆ ತೊಟ್ಟೀಲಿವೆ, ಇವೂ ಇಲ್ಲಿವೆ. ನಾಳೆ ಯಾವ ಮೂರಕ್ಕೆ ನಂಬರ್ ಹಾಕ್ತೀಯೋ ನೀನೇ ನೋಡು,” ಎಂದು ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಕೊಟ್ಟು ಹೋದರು.

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಹೀಗೇ ಮಾಡು ಎಂದು ಅಪ್ಪಣೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಯಾವ ಕಡೆ ತಿರುಗಿದರೂ ಗೋಡೆ. ಕುಂಚ ಹಿಡಿದುಕೊಂಡು ಅತ್ತೆ. ಆಮೇಲೆ ಬಣ್ಣ ಒಣಗುತ್ತದೆಂದು ಬೇಗ ಬೇಗ ಬರೆದೆ. ತಾರೀಖಿನ ‘5’ ಸೊಟ್ಟಗಾಯಿತು, ಒರೆಸಿ ಮತ್ತೆ ಬರೆದೆ.

ಮೇ 3, ಶನಿವಾರ

ಮೂವತ್ತೊಂದು, ಮೂವತ್ತೊಂದೂವರೆ, ಮೂವತ್ತೊಂದು.

ಹಿಂದಿನ ತೊಟ್ಟಿಯ ಮೂರು, ನನ್ನ ಮೂರು, ಒಟ್ಟು ಆರನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದೆ. ನನ್ನ ಮೂರನ್ನು ಗೋಣಿಚೀಲ ಮುಚ್ಚಿ ಹಿಂದಿಟ್ಟಿದ್ದೆ. ಯಾಕೆ ಒಯ್ದೆನೋ, ಕೊನೇ ಗಳಿಗೆಯಲ್ಲಿ ಧೈರ್ಯ ಬಂದೀತು ಎಂದಿರಬೇಕು. ಲ್ಯಾಬಿನವರು ಹಳೆಯ ಪುಟ ತೆಗೆದು ನೋಡಿದರು. ಏಳಕ್ಕೆ ಹನ್ನೊಂದು, ಇಪ್ಪತ್ತೆಂಟಕ್ಕೆ ಮೂವತ್ತೊಂದು, ನಿಮ್ಮ ಕಂಬಕ್ಕೆ ನಡುವೆ ಒಳ್ಳೇ ಊಟ ಸಿಕ್ಕಿದೆ ಎಂದರು. ನಗಲಿಲ್ಲ. ವರದಿಗೆ ಮೊಹರು ಒತ್ತಿದರು.

ಗಾಡಿಯ ತನಕ ಬಂದು ಗೋಣಿಚೀಲ ನೋಡಿದರು. ಅವರಿಗೆ ಎಲ್ಲ ಗೊತ್ತಾಗಿತ್ತು.

“ಅವನ್ನೂ ಕೊಡಿ, ಒಡೆದು ನೋಡೋಣ. ಕಾಗದಕ್ಕೆ ಬರಲ್ಲ. ನಿಮಗಾದರೂ ಗೊತ್ತಿರಲಿ.”

ಹತ್ತು ನಿಮಿಷದ ಕೆಲಸ. ಆದರೆ ಗಾಡಿ ಒಂದು ಗಂಟೆಯೊಳಗೆ ವಾಪಸು ಬೇಕು ಎಂದಿದ್ದರು, ಚಾಲಕನೂ ಅವಸರ ಮಾಡುತ್ತಿದ್ದ. ಬೇಡ ಸರ್, ಇನ್ನೊಮ್ಮೆ ಬರುತ್ತೇನೆ ಎಂದೆ. ದಾರಿಯಲ್ಲಿ ಒಂದು ಕಡೆ ತಗ್ಗು ತುಂಬಿಸುತ್ತಿದ್ದರು, ಮೂರನ್ನೂ ಅಲ್ಲಿ ಇಳಿಸಿದೆವು. ಒಂದೊಂದೂ ಎಂಟು ಕಿಲೋ. ಬೆನ್ನು ಹಿಡಿದುಕೊಂಡಿದೆ.

ರಿಜಿಸ್ಟರಿನ ಪೆನ್ಸಿಲ್ ಹದಿನೇಳರ ಮೇಲೆ ಪೆನ್ನಿನಿಂದ ತಿದ್ದಿದೆ. ಪೆನ್ಸಿಲಿನಲ್ಲೇ ಬಿಟ್ಟರೆ ಆಡಿಟ್‌ನವರು ಕೇಳುತ್ತಾರೆ.

ಮೇ 9, ಶುಕ್ರವಾರ

ಎರಡು ತಿಂಗಳು ತುಂಬುವ ಮೊದಲೇ ಕೆಲಸದ ಪತ್ರ ಬಂತು. ಜೂನ್ ಪರೀಕ್ಷೆ ಮುಗಿದ ಮರುದಿನದಿಂದ ‘ಗುಣಮಟ್ಟ ವಿಭಾಗ’. ಅಮ್ಮ ಅತ್ತಳು. ಅಪ್ಪ ಎರಡು ಸಲ ಓದಿ, ಮಡಿಕೆ ಸರಿಮಾಡಿ ವಾಪಸು ಕೊಟ್ಟ.

ಬಿಳಿ ಹೆಲ್ಮೆಟ್ ಈಗಲೇ ಕೊಟ್ಟಿದ್ದಾರೆ. ಇದು ಜಾರುವುದಿಲ್ಲ.

ಮೇ 20, ಮಂಗಳವಾರ

ಕಾಲೇಜಿನಲ್ಲಿ ಮತ್ತೆ ಅದೇ ಭಾಷಣ, ಈ ಸಲ ಮೂರನೇ ವರ್ಷದವರಿಗೆ. ಮುಖ್ಯಸ್ಥರು ನನ್ನನ್ನು ವೇದಿಕೆಗೆ ಕರೆದು, ಅರವತ್ತೆರಡು ಜನರಲ್ಲಿ ಸೈಟಿನಲ್ಲಿ ಕೆಲಸ ಸಂಪಾದಿಸಿದ ಒಬ್ಬಳೇ ವಿದ್ಯಾರ್ಥಿನಿ ಎಂದು ಪರಿಚಯಿಸಿದರು. ಅದೇ ಕೆಂಪು ಗೆರೆ ನನ್ನ ತಲೆಯ ಹಿಂದೆ ಏರುತ್ತಿತ್ತು. ಮಾತು ತಾನಾಗಿ ಬಂತು. ಸೈಟಿನ ಶಿಸ್ತು, ಪರೀಕ್ಷೆಗಳು, ಎಲ್ಲ ಹೇಳಿದೆ.

ಮುಂದಿನ ಸಾಲಿನ ಒಬ್ಬಳು ಎದ್ದು, ಕೆಲಸ ಸಿಗಬೇಕಾದರೆ ಎಲ್ಲಕ್ಕಿಂತ ಮುಖ್ಯ ಏನು ಬೇಕು ಎಂದು ಕೇಳಿದಳು. ಹೊಂದಿಕೊಂಡು ಹೋಗುವ ಗುಣ ಎಂದೆ. ಅವಳು ಅದನ್ನು ಬರೆದುಕೊಂಡಳು. ಚಪ್ಪಾಳೆ ಚೆನ್ನಾಗಿ ಬಂತು.

ಬರುವಾಗ ಕನ್ನಡಕನ ಅಂಗಡಿಯ ಮುಂದೆ ಹಾದು ಬಂದೆ. ಗ್ರೀಸ್ ಕೈಯಲ್ಲೇ ಕನ್ನಡಕ ಮೇಲೇರಿಸುತ್ತಿದ್ದ, ಮೂಗೆಲ್ಲ ಕಪ್ಪು. ಪಾಪ ಅನ್ನಿಸಿತು. ಸ್ವಲ್ಪ ತಾಳಿಕೊಂಡಿದ್ದರೆ ಅವನಿಗೂ ಏನಾದರೂ ಆಗುತ್ತಿತ್ತು.

ಮೇ 25, ಭಾನುವಾರ

ಅಪ್ಪ ಅಮ್ಮ ಇಬ್ಬರನ್ನೂ ಸೈಟಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮ ಹದಿನೈದು ದಿನದಿಂದ ತಲೆ ತಿನ್ನುತ್ತಿದ್ದಳು, ಬಿಳಿ ಹೆಲ್ಮೆಟ್ಟಿನಲ್ಲಿ ನನ್ನ ಫೋಟೋ ಬೇಕಂತೆ. ಅಪ್ಪ ತನ್ನ ಶೂಗೂ ಪಾಲಿಶ್ ಮಾಡಿ ಹಾಕಿಕೊಂಡಿದ್ದ. ಜಲ್ಲಿಯ ಮೇಲೆ ನಡೆಯುವುದು ಅವನಿಗೆ ಕಷ್ಟ, ನನ್ನ ಹೆಗಲು ಹಿಡಿದುಕೊಂಡು ಬಂದ.

ಮೂರನೇ ಮಹಡಿಗೆ ಕಂಬಗಳೆದ್ದಿವೆ. ಹನ್ನೊಂದು ಗಂಟೆಗೇ ಬಿಸಿಲು ಸುಡುತ್ತಿತ್ತು. ಕೆಳಗೆ ಮುಂಭಾಗದಲ್ಲಿ ಒಳ್ಳೆಯ ನೆರಳು, ಗಾಳಿಯೂ ಬರುತ್ತದೆ. ಅಲ್ಲೇ ಎರಡು ಕುರ್ಚಿ ಹಾಕಿಸಿದೆ. ಅಮ್ಮ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. ಅಪ್ಪ ಕೂರಲಿಲ್ಲ. ಒಂದೊಂದೇ ಕಂಬ ನೋಡಿಕೊಂಡು ನಡೆದ, ಒಂದಕ್ಕೆ ಅಂಗೈ ಒತ್ತಿ ನಿಂತು ಮೇಲಕ್ಕೆ ನೋಡಿದ.

“ಇವೇನಾ?” ಎಂದು ಮೆಲ್ಲಗೆ ಕೇಳಿದ.

“ಮೂವತ್ತೊಂದು ಬಂದಿದೆ ಅಪ್ಪ. ಬೇಕಾಗಿದ್ದು ಇಪ್ಪತ್ತೈದೇ,” ಎಂದೆ. ಸುಳ್ಳು ಹೇಳಿದೆ ಎಂದೇನೂ ಅನ್ನಿಸಲಿಲ್ಲ, ವರದಿಯಲ್ಲಿ ಹಾಗೇ ಇದೆ.

ಅಪ್ಪ ನನ್ನನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಮುಖಕ್ಕೆ ಸಿಮೆಂಟ್ ಏನಾದರೂ ಹತ್ತಿದೆಯಾ ಎಂದು ಒರೆಸಿಕೊಂಡೆ. ಆಮೇಲೆ ಅಮ್ಮನ ಹತ್ತಿರ ಹೋಗಿ ತೋಳು ಹಿಡಿದು ಎಬ್ಬಿಸಿದ.

“ಬಾ, ಈಚೆ ನಿಂತ್ಕೊಳ್ಳೋಣ.”

ಈ ಬಿಸಿಲಿನಲ್ಲಾ, ಇಲ್ಲೇ ತಣ್ಣಗಿದೆ ಎಂದು ಅಮ್ಮ ರೇಗಿದಳು. ಅವನು ಬಿಡಲಿಲ್ಲ. ಮಂಡಿ ನೋವಿನ ಮನುಷ್ಯ, ಮೇಜು ಹಿಡಿಯದೆ ಏಳಲಾಗದವನು, ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಗೇಟಿನ ತನಕ ಹೋದ. ಫೋಟೋ ಅಲ್ಲೇ ರಸ್ತೆಯ ಅಂಚಿನಲ್ಲಿ ತೆಗೆದದ್ದು. ಮೂವರ ಕಣ್ಣೂ ಬಿಸಿಲಿಗೆ ಮುಚ್ಚಿಹೋಗಿವೆ. ವಯಸ್ಸಾದಂತೆ ಅಪ್ಪನ ಹಟ ಹೆಚ್ಚುತ್ತಿದೆ.

ಚಹಾ ತರಿಸುತ್ತೇನೆ, ನೆರಳಿಗೆ ಬನ್ನಿ ಎಂದು ಮತ್ತೊಮ್ಮೆ ಕರೆದೆ. ಅಪ್ಪ ಬರಲಿಲ್ಲ.

“ನೀನೂ ಬಂದುಬಿಡಮ್ಮ, ಮನೆಗೆ ಹೋಗೋಣ,” ಎಂದ. ಅವನ ಕೈ ನನ್ನ ಕಡೆ ಚಾಚಿಯೇ ಇತ್ತು.

ಮೇಲಿನ ಮಹಡಿಯ ಕ್ಯೂಬುಗಳನ್ನು ನೋಡಬೇಕಿತ್ತು. ಸಂಜೆ ಬರುತ್ತೇನೆ ಎಂದು ಹೇಳಿ ಒಳಗೆ ಹೋದೆ.